ಸುಣ್ಣ ಹೊಡೆಸಿದ ಹುತ್ತದ ಪೈರು

ನಮ್ಮ ಮನೆತನದಲ್ಲಿ ಮದುವೆ ಗೊತ್ತಾದರೆ ಮೊದಲು ಛತ್ರ ಹುಡುಕೋದಿಲ್ಲ, ಹುತ್ತ ಹುಡುಕುತ್ತೇವೆ. ಲಗ್ನಕ್ಕೆ ಹದಿನೈದು ದಿನ ಇದ್ದ ಹಾಗೆ ಹುತ್ತದ ಮಣ್ಣು ತಂದು, ಐದು ಮಡಕೆಗೆ ತುಂಬಿ, ಧಾನ್ಯ ಬಿತ್ತಿ, ದಿನಾ ನೀರು ಚಿಮುಕಿಸಿ ಪೈರು ಬರಿಸಬೇಕು. ಚಪ್ಪರದ ದಿನ ಆ ಮಡಕೆಗಳನ್ನು ಹಸೆಮಣೆ ಪಕ್ಕ ಇಡಬೇಕು. ಇದಕ್ಕೆ ಮೊಳೆ ಹಾಕೋದು ಅನ್ನುತ್ತೇವೆ. ಪೈರು ಹಸಿರಾಗಿದ್ದರೆ ಗಂಡ ಹೆಂಡತಿ ಬಾಳು ಹಸಿರು ಅಂತ ಲೆಕ್ಕ. ಬಿಳಚಿಕೊಂಡಿದ್ದರೆ, ಬಂದವರು ಪಾಯಸ ಕುಡಿಯುತ್ತಲೇ ಅದನ್ನು ಮಾತಾಡಿಕೊಂಡು ಹೋಗುತ್ತಾರೆ. ನಾನು ಇದನ್ನೆಲ್ಲ ನಂಬೋದಿಲ್ಲ. ನನ್ನ ಮದುವೆಯಲ್ಲಿ ಮೊಳೆ ಕರೀ ಹಸಿರಾಗಿ ಬಂದಿತ್ತಂತೆ, ಬಾಳು ಹಂಗೇನೂ ಇರಲಿಲ್ಲ. ಆದರೂ ಮಾಡದೆ ಬಿಟ್ಟವಳಲ್ಲ.

ಹೋದ ವರ್ಷ ದೊಡ್ಡ ಮೊಮ್ಮಗಳ ಮದುವೆ ಆಯಿತು. ಜಯನಗರದಲ್ಲಿ ಬ್ಯಾಂಕಿನ ಕೆಲಸ ಅವಳಿಗೆ. ಹುಡುಗ ಅಂಜನಾಪುರದವನು. ಅವರೂ ನಮ್ಮ ಹಾಗೆ ಹಿಂದೆ ರಾಗಿ ಬೆಳೆಯುತ್ತಿದ್ದವರು, ಈಗ ಬಾಡಿಗೆ ಬೆಳೆಯುತ್ತಾರೆ. ಹುಡುಗ ಹುಡುಗಿ ಒಪ್ಪಿ ಮೂರು ವರ್ಷ ಆಗಿತ್ತು. ಒಪ್ಪದೆ ಇದ್ದವಳು ಹುಡುಗನ ಅಜ್ಜಿ. ಅವಳಿಗೆ ತನ್ನ ತಮ್ಮನ ಮೊಮ್ಮಗಳನ್ನು ತರಬೇಕು ಅಂತ ಆಸೆ. ಮೂರು ವರ್ಷ ಒಂದಲ್ಲ ಒಂದು ನೆವ ಹೇಳಿ ಹೇಳಿ, ನೆವ ಖರ್ಚಾದ ಮೇಲೆ ಹೂಂ ಅಂದಳು. ಹೂಂ ಅಂದ ಮೇಲೂ ಫೋನಿನಲ್ಲಿ ಒಂದು ಕೊಕ್ಕೆ ಹಾಕಿದಳು.

"ಚಪ್ಪರದ ಹಿಂದಿನ ದಿನ ನಾನೇ ಬಂದು ನಿಮ್ಮ ಮೊಳೆ ನೋಡ್ತೀನಿ. ಹಸಿರಾಗಿದ್ರೆ ಸರಿ. ಇಲ್ದೆ ಇದ್ರೆ ಈ ಲಗ್ನ ಬೇಡ, ಮುಂದಕ್ಕೆ ಹಾಕೋಣ."

"ಬನ್ನಿ ಬೀಗರೇ, ಕಾಫಿ ಕುಡಿದು ಹೋಗಿ" ಅಂದೆ. ಫೋನ್ ಇಟ್ಟ ಮೇಲೆ ಏನಂದೆ ಅನ್ನೋದು ಇಲ್ಲಿ ಬರೆಯೋ ಮಾತಲ್ಲ.

ಮುಂದಕ್ಕೆ ಹಾಕೋದು ಅಂದರೆ ಆಷಾಢ ಕಳೀಬೇಕು, ಆಮೇಲೆ ಅವರ ಮನೆಯಲ್ಲಿ ಇನ್ನೇನೋ ಬರುತ್ತೆ, ಆಮೇಲೆ ತಮ್ಮನ ಮೊಮ್ಮಗಳು ಬರುತ್ತಾಳೆ. ನನ್ನ ಮೊಮ್ಮಗಳಿಗೆ ಅದು ಗೊತ್ತಿತ್ತು. ಅವಳು ದೇವರ ಮುಂದೆ ಕೈ ಮುಗಿಯೋದು ಬಿಟ್ಟು ದಿನಾ ಬೆಳಿಗ್ಗೆ ಮಡಕೆ ಮುಂದೆ ಕೂತುಕೊಳ್ಳುತ್ತಿದ್ದಳು.

ಸಾರಕ್ಕಿಯಲ್ಲಿ ಈಗ ಹುತ್ತ ಎಲ್ಲಿದೆ. ಇಷ್ಟು ದಿನ ಮದುವೆಗಳಿಗೆ ಮಣ್ಣು ತರುತ್ತಿದ್ದ ಕೆರೆ ಏರಿಯ ಹುತ್ತ ರಸ್ತೆಗೆ ಹೋಯಿತು, ಈಗ ನಮ್ಮ ಹೊಲದ ಮೂಲೆಯಲ್ಲಿದ್ದದ್ದೇ ಒಂದು ಉಳಿದಿರೋದು. ಹೊಲ ಹೋಗಿ ಅಪಾರ್ಟ್‌ಮೆಂಟ್ ಬಂತು, ಹುತ್ತ ಮುಟ್ಟೋಕೆ ಕಟ್ಟೋನಿಗೆ ಧೈರ್ಯ ಬರಲಿಲ್ಲ. ಕಾಂಪೌಂಡು ಅದನ್ನು ಬಳಸಿಕೊಂಡು ಸೊಟ್ಟಗೆ ಹೋಗಿದೆ. ಸುತ್ತ ಒಂದು ಕಟ್ಟೆ ಇದೆ, ಹಾವು ಇಲ್ಲ. ಇಪ್ಪತ್ತು ವರ್ಷದ ಕೆಳಗೆ ಮಗನಿಗೆ ಕಾಮಾಲೆ ಆದಾಗ ನಾನು ಹರಕೆ ಹೊತ್ತಿದ್ದೆ. ಪ್ರತಿ ವರ್ಷ ನಾಗರಪಂಚಮಿಗೆ ಮುಂಚೆ ಹುತ್ತಕ್ಕೂ ಕಟ್ಟೆಗೂ ನನ್ನ ಖರ್ಚಿನಲ್ಲಿ ಸುಣ್ಣ ಹೊಡೆಸಿ, ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆಸ್ತೀನಿ ಅಂತ. ಒಂದು ವರ್ಷವೂ ತಪ್ಪಿಸಿಲ್ಲ. ಇದನ್ನು ಇಲ್ಲೇ ಯಾಕೆ ಹೇಳಿದೆ ಅಂತ ಮುಂದೆ ತಿಳಿಯುತ್ತೆ. ನನಗೆ ತಿಳಿಯೋದಕ್ಕೆ ಹತ್ತು ದಿನ ಬೇಕಾಯಿತು.

ನನ್ನ ಯಜಮಾನರು ಇಲ್ಲ, ಹಾಗಾಗಿ ಮಣ್ಣು ತೆಗೆಯೋದು ಬಿತ್ತೋದು ಮುತ್ತೈದೆಯರು. ಹೆಂಗೆ ತೆಗೀಬೇಕು, ಎಷ್ಟು ಬಿತ್ತಬೇಕು ಅಂತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳೋದು ನಾನು. ನಲವತ್ತು ವರ್ಷದಿಂದ ಈ ಬೀದಿಯ ಮದುವೆಗಳಿಗೆಲ್ಲ ನನ್ನನ್ನೇ ಕರೆಯುತ್ತಾರೆ. ಪುರೋಹಿತರ ನವಧಾನ್ಯದ ಪಟ್ಟಿಯಲ್ಲಿ ರಾಗಿ ಇಲ್ಲ. ಹಾಗಂತ ನಾವು ಬಿಡ್ತೀವಾ. ಒಂದು ಮಡಕೆಗೆ ರಾಗಿ, ಒಂದಕ್ಕೆ ಭತ್ತ, ಒಂದಕ್ಕೆ ಗೋಧಿ, ಒಂದಕ್ಕೆ ಜೋಳ. ಐದನೇದಕ್ಕೆ ಅವರೆ, ಹುರುಳಿ, ಹೆಸರು, ಮಿಕ್ಕಿದ್ದೆಲ್ಲ.

ಐದನೇ ದಿನ ಮೊಳಕೆ ಎದ್ದು ನಿಂತಿತು. ಎಂಟನೇ ದಿನಕ್ಕೆ ಐದನೇ ಮಡಕೆ ಒಂದು ಬಿಟ್ಟು ಮಿಕ್ಕ ನಾಲ್ಕೂ ಬಿಳಚಿಕೊಂಡವು.

ಸೊಸೆ ಮೊದಲು ನೋಡಿದಳು. "ಅತ್ತೆ, ದೃಷ್ಟಿ ಆಗಿದೆ."

"ಯಾರದ್ದೇ ದೃಷ್ಟಿ. ಮಹಡಿ ಮೇಲೆ ನಾವು ಬಿಟ್ರೆ ಪಾರಿವಾಳ ಬರುತ್ತೆ."

"ಅಂಜನಾಪುರದಿಂದಲೇ ಹಾಕಿರ್ತಾರೆ."

"ಅಷ್ಟು ದೂರ ಕಾಣಿಸೋ ಕಣ್ಣಿದ್ರೆ ಅವಳು ಕನ್ನಡಕ ಯಾಕೆ ಹಾಕ್ತಾಳೆ."

ನೀರು ಸಾಲದು ಅಂತ ನಾನು ನೀರು ಜಾಸ್ತಿ ಹಾಕಿದೆ. ಇನ್ನೂ ಬಿಳಚಿತು. ಗೊಬ್ಬರ ಸಾಲದು ಅಂತ ಸಗಣಿ ಕದಡಿ ಹಾಕಿದೆ. ಸಗಣಿಯನ್ನು ಸೊಸೆ ಆನ್‌ಲೈನಿನಲ್ಲಿ ತರಿಸಿದ್ದಳು, ಬಿಸ್ಕತ್ತಿನ ಹಾಗೆ ಪ್ಯಾಕೆಟ್ಟಿನಲ್ಲಿ ಬಂತು. ಅದರಿಂದಲೂ ಏನೂ ಆಗಲಿಲ್ಲ. ಬಿಸಿಲಿಗೆ ಇಟ್ಟೆ, ಬಿಸಿಲಿಂದ ತೆಗೆದೆ. ನಾಲ್ಕು ಮಡಕೆ ಎತ್ತಿ ಇಳಿಸಿ ಸೊಂಟ ಹಿಡಿಯಿತು. ಪೈರು ಮಾತ್ರ ಆಸ್ಪತ್ರೆ ವಾರ್ಡಿನಲ್ಲಿ ಮಲಗಿದವರ ಬಣ್ಣದಲ್ಲೇ ಇತ್ತು.

ಹತ್ತನೇ ದಿನ ಸೊಸೆ ಬೆಳಿಗ್ಗೆ ವಾಕಿಂಗಿಗೆ ಹೋದವಳು ಒಂದು ಟ್ರೇ ಹಿಡಿದುಕೊಂಡು ಬಂದಳು. ಪಾರ್ಕಿನ ಗೇಟಿನ ಹತ್ತಿರ ಸಕ್ಕರೆ ಕಾಯಿಲೆಯವರಿಗೆ ಗೋಧಿ ಹುಲ್ಲಿನ ರಸ ಮಾರುತ್ತಾರಲ್ಲ, ಅಲ್ಲಿಂದ ತಂದದ್ದು. ಬಣ್ಣ ಹೊಡೆದ ಹಾಗೆ ಹಸಿರು.

"ಇದನ್ನೇ ಮಡಕೆಗೆ ನೆಟ್ಟುಬಿಡೋಣ ಅತ್ತೆ. ಯಾರಿಗೆ ಗೊತ್ತಾಗುತ್ತೆ."

"ರಾಗಿ ಮಡಕೆಯಲ್ಲೂ ಗೋಧಿ, ಭತ್ತದ ಮಡಕೆಯಲ್ಲೂ ಗೋಧಿ. ಅವಳು ಅರವತ್ತು ವರ್ಷ ಕಳೆ ಕಿತ್ತವಳು ಕಣೇ. ರಾಗಿ ಯಾವುದು ಹುಲ್ಲು ಯಾವುದು ಅಂತ ಕಣ್ಣು ಮುಚ್ಚಿಕೊಂಡು ಹೇಳ್ತಾಳೆ."

ಮೊಮ್ಮಗಳು ಬ್ಯಾಂಕಿಗೆ ಹೊರಟಿದ್ದಳು. ಚಪ್ಪಲಿ ಹಾಕಿಕೊಳ್ಳುತ್ತಾ, "ಅಜ್ಜಿ, ಮೂರು ವರ್ಷ ಕಾದಿದ್ದು ಒಂದು ರಾಗಿ ಗಿಡ ನಾನು ಮದುವೆ ಆಗಬೋದಾ ಅಂತ ಹೇಳೋಕಾ" ಅಂದಳು. ನಗುತ್ತಲೇ ಅಂದಳು, ಆದರೆ ಗೇಟು ಹಾಕದೆ ಹೋದಳು. ಎಂದೂ ಗೇಟು ಹಾಕದೆ ಹೋಗೋ ಹುಡುಗಿಯಲ್ಲ ಅವಳು.

ಅವತ್ತು ಸಂಜೆ ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರೋ ಹುಡುಗಿ ಬಟ್ಟೆ ತೆಗೆಯೋಕೆ ಮಹಡಿಗೆ ಬಂದಳು. ಬಿಜಾಪುರದ ಕಡೆಯವಳು. ಮಣ್ಣು ಪರೀಕ್ಷೆ ಮಾಡೋ ಒಂದು ಆಫೀಸಿನಲ್ಲಿ ಕೆಲಸ. ರೈತರು ಕಳಿಸಿದ ಮಣ್ಣು, ಬೆಳೆಯ ಎಲೆ, ಎರಡನ್ನೂ ನೋಡಿ ಏನು ಕಮ್ಮಿ ಅಂತ ಬರೆದುಕೊಡೋದು. ಎಲೆ ಸುಟ್ಟು ಬೂದಿ ಮಾಡಿ ನೋಡುತ್ತೇವೆ ಅಂತ ಹಿಂದೆ ಒಂದು ಸಲ ಹೇಳಿದ್ದಳು. ನಾನೂ ಬೇಕಾದಷ್ಟು ಎಲೆ ಸುಟ್ಟಿದ್ದೀನಿ, ಒಬ್ಬನೂ ಸಂಬಳ ಕೊಡಲಿಲ್ಲ ಅಂದಿದ್ದೆ.

ಅವಳು ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಮಡಕೆ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಜ್ಜಿ, ಹಳದಿ ಆಗಿದ್ದು ಹಳೇ ಎಲಿನೋ ಹೊಸಾ ಎಲಿನೋ? ಛಲೋ ನೋಡಿ ಹೇಳ್ರಿ."

ನೋಡಿದೆ. ಜೋಳದ ಬುಡದ ಎಲೆ ಸುಮಾರಾಗಿ ಹಸಿರೇ ಇತ್ತು. ಸುಳಿಯಲ್ಲಿ ಬರುತ್ತಿದ್ದ ಹೊಸ ಎಲೆ ಬೆಳ್ಳಗೆ, ನರ ಮಾತ್ರ ಹಸಿರು. ಅಳಿಲಿನ ಬೆನ್ನಿನ ಹಾಗೆ ಉದ್ದಕ್ಕೆ ಪಟ್ಟೆ ಪಟ್ಟೆ.

ಆಗ ನನ್ನ ಅತ್ತೆ ನೆನಪಾದಳು. ಅವಳು ಸ್ಕೂಲು ಮೆಟ್ಟಿಲು ಹತ್ತಿದವಳಲ್ಲ, ನಾನು ನಾಲ್ಕನೇ ಕ್ಲಾಸಾದರೂ ಓದಿದ್ದೆ. ರಾಗಿ ಹೊಲದಲ್ಲಿ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು ಮಣ್ಣಿನ ಸಮಾಚಾರ ಹೇಳುತ್ತಿದ್ದಳು. ಬುಡದ ಎಲೆ ಹಳದಿ ಆದರೆ ಗೊಬ್ಬರ ಸಾಲದು. ಎಲೆ ಅಂಚು ಸುಟ್ಟ ಹಾಗಾದರೆ ಒಲೆ ಬೂದಿ ಚೆಲ್ಲು. ಸುಳಿ ಎಲೆ ಬಿಳಚಿ ಪಟ್ಟೆ ಬಂದರೆ ಮಾತ್ರ ಅವಳು ಗೊಬ್ಬರ ಹಾಕುತ್ತಿರಲಿಲ್ಲ. "ಮಣ್ಣೇ ಕೊಡ್ತಾ ಇಲ್ಲ, ನೀನು ಸುರಿದು ಏನು ಮಾಡ್ತೀಯ" ಅನ್ನೋಳು. ನಮ್ಮ ಹೊಲದಲ್ಲಿ ಅಂಥ ಜಾಗ ಒಂದೇ ಒಂದಿತ್ತು, ಮಂಚದಷ್ಟು ಅಗಲ. ಮನೆ ಕಟ್ಟುವಾಗ ಅಲ್ಲಿ ಗುಂಡಿ ತೋಡಿ ಸುಣ್ಣ ನೆನೆಸಿದ್ದರಂತೆ. ಸುತ್ತ ರಾಗಿ ಕಪ್ಪಗಿದ್ದರೆ ಅಲ್ಲಿ ಮಾತ್ರ ವರ್ಷ ವರ್ಷವೂ ಪಟ್ಟೆ ಎಲೆ.

ಸುಣ್ಣ ಅಂತ ಬಾಯಿ ತನಕ ಬಂತು. ಹೊರಗೆ ಬಿಡಲಿಲ್ಲ.

ಹುಡುಗಿ ಸ್ವಲ್ಪ ಮಣ್ಣು ಉಗುರಲ್ಲಿ ಕೆರೆದು ಲೋಟಕ್ಕೆ ಹಾಕಿಕೊಂಡಳು. "ಒಂದು ನಿಂಬಿಹಣ್ಣು ಕೊಡ್ರಿ ಅಜ್ಜಿ."

ಸೊಸೆ ಓಡಿದಳು. ನಿಂಬೆಹಣ್ಣಿನ ಜೊತೆಗೆ ಉಪ್ಪು, ಒಣಮೆಣಸಿನಕಾಯಿ, ಕರ್ಪೂರವನ್ನೂ ತಟ್ಟೆಯಲ್ಲಿಟ್ಟು ತಂದಳು. "ನಾನು ಅವತ್ತೇ ಹೇಳಿದೆ ದೃಷ್ಟಿ ಅಂತ. ಓದಿದೋರೂ ಹೇಳ್ತಾ ಇದ್ದಾರೆ ನೋಡಿ."

"ಇಲ್ರಿ ಆಂಟಿ, ಮೆಣಸಿನಕಾಯಿ ಬ್ಯಾಡ್ರಿ" ಅಂದಳು ಹುಡುಗಿ. ನಿಂಬೆಹಣ್ಣು ಹೋಳು ಮಾಡಿ ಮಣ್ಣಿನ ಮೇಲೆ ಹಿಂಡಿದಳು. ಲೋಟವನ್ನು ನನ್ನ ಕಿವಿ ಹತ್ತಿರ ಹಿಡಿದಳು. ಒಳಗೆ ಚುರು ಚುರು ಅಂತಿತ್ತು. ನೋಡಿದರೆ ಸಣ್ಣಗೆ ನೊರೆ. ಆಮೇಲೆ ತುಳಸಿ ಕುಂಡದ ಮಣ್ಣಿಗೂ ಹಿಂಡಿದಳು. ಅದು ಸುಮ್ಮನೆ ನೆನೆದುಕೊಂಡು ಕೂತಿತು.

"ಈ ಮಣ್ಣಾಗ ಸುಣ್ಣ ಭಾಳ ಐತ್ರಿ. ಮಣ್ಣಾಗ ಕಬ್ಬಿಣದ ಅಂಶ ಇರತೈತಿ, ಆದ್ರ ಸುಣ್ಣ ಅದನ್ನ ಹಿಡಕೊಂಡು ಕುಂತಿರತೈತಿ, ಬೇರಿಗೆ ಬಿಡಂಗಿಲ್ಲ. ಎಲಿಗೆ ಹೋಗಂಗಿಲ್ಲ. ಕಬ್ಬಿಣ ಸಿಗದಿದ್ರ ಎಲಿ ಹಸಿರಾಗಂಗಿಲ್ಲ. ಅವರಿ ಹುರುಳಿ ಕಾಳು ದಪ್ಪ, ಕಾಳಿನಾಗಿಂದ ತಿಂದು ಇನ್ನೊಂದಿಷ್ಟು ದಿನ ತಡೀತಾವ. ನೀರು ಹೆಚ್ಚಿಗಿ ಹಾಕಿದ್ರ ಇನ್ನೂ ಕೆಡತೈತಿ. ನಮ್ಮ ಊರ ಕಡೆ ಎರಿ ಹೊಲದಾಗ ಜ್ವಾಳಕ್ಕ ಹಿಂಗ ಆಗತೈತ್ರಿ. ಆದ್ರ ಹುತ್ತದ ಮಣ್ಣಾಗ ಇಷ್ಟು ಸುಣ್ಣ ಎಲ್ಲಿಂದ ಬಂತು?"

ಸೊಸೆ ನನ್ನ ಮುಖ ನೋಡಿದಳು. ಆ ಹುತ್ತಕ್ಕೆ ವರ್ಷ ವರ್ಷ ಸುಣ್ಣದ ಬಕೆಟ್ಟು ಹೊತ್ತುಕೊಂಡು ಹೋಗುವವನಿಗೆ ಟೀ ಕೊಡೋಳು ಅವಳೇ.

"ಇಪ್ಪತ್ತು ಕೋಟು" ಅಂದೆ. "ನಾನೇ ಹೊಡೆಸಿದ್ದು."

ಮಳೆ ಬಂದಾಗಲೆಲ್ಲ ಆ ಸುಣ್ಣ ತೊಳೆದು ಒಳಗೆ ಇಳಿದಿದೆ. ನಾವು ಮೇಲಿನ ಸಿಪ್ಪೆ ತೆಗೆದು ಒಳಗಿನ ಮಣ್ಣು ತಂದೆವು ಅಂದುಕೊಂಡಿದ್ದೆವು. ಒಳಗೂ ಅದೇ. ಇಪ್ಪತ್ತು ವರ್ಷ ನಾಗಪ್ಪನಿಗೆ ಅಂತ ಬಳಿಸಿದ್ದು ಮೊಮ್ಮಗಳ ರಾಗಿಗೆ ಬಡಿಯಿತು. ಸೊಸೆ ಆ ತಟ್ಟೆ ಹಿಡಿದುಕೊಂಡೇ, "ಹಂಗಾದ್ರೆ ದೃಷ್ಟಿ ನಿಮ್ಮದೇ ಅತ್ತೆ" ಅಂದಳು. ಮದುವೆಯಾಗಿ ಬಂದಾಗಿನಿಂದ ಆ ಮಾತಿಗೆ ಕಾಯುತ್ತಿದ್ದವಳ ಹಾಗಿತ್ತು ಮುಖ.

ಮಣ್ಣು ಬದಲಾಯಿಸೋಕೆ ಟೈಮಿಲ್ಲ, ಬೀಗಿತ್ತಿ ಬರೋದಕ್ಕೆ ಮೂರೇ ದಿನ. ಹುಡುಗಿ ಒಂದು ದಾರಿ ಹೇಳಿದಳು. ಬೇರಿನಿಂದ ಹೋಗದೆ ಇದ್ದರೆ ಎಲೆಗೇ ಕುಡಿಸಬೇಕು. ಗ್ರಂಧಿಗೆ ಅಂಗಡಿಯಲ್ಲಿ ಅನ್ನಭೇದಿ ಸಿಗುತ್ತೆ, ಹಸಿರು ಕಲ್ಲುಸಕ್ಕರೆ ಥರ ಇರೋ ಕಬ್ಬಿಣದ ಉಪ್ಪು. ಒಂದು ಲೀಟರು ನೀರಿಗೆ ಒಂದು ಚಮಚ, ನಾಲ್ಕು ತೊಟ್ಟು ನಿಂಬೆರಸ, ಬಿಸಿಲು ಇಳಿದ ಮೇಲೆ ಎಲೆ ಮೇಲೆ ಸಿಂಪಡಿಸಬೇಕು.

ಮಾರನೇ ದಿನ ಬೆಳಿಗ್ಗೆಯೇ ಜಯನಗರದ ಮಾರ್ಕೆಟ್ಟಿಗೆ ಹೋದೆ. ಅಂಗಡಿಯವನು ಕನ್ನಡಕದ ಮೇಲಿಂದ ನೋಡಿದ.

"ಯಾರಿಗಮ್ಮಾ, ರಕ್ತ ಕಮ್ಮಿನಾ?"

"ರಾಗಿಗಪ್ಪ."

"ರಾಗಿಗಾ?"

"ಭತ್ತಕ್ಕೂ ಕಮ್ಮಿ. ಹುರುಳಿ ಪರವಾಗಿಲ್ಲ."

ಅವನು ಇನ್ನೇನೂ ಕೇಳದೆ ಪೊಟ್ಟಣ ಕಟ್ಟಿಕೊಟ್ಟ.

ಮನೆಯಲ್ಲಿ ಸಿಂಪಡಿಸೋಕೆ ಏನಿದೆ. ಮಗನ ಬಟ್ಟೆಗೆ ಇಸ್ತ್ರಿ ಮಾಡುವಾಗ ನೀರು ಹೊಡೆಯೋ ಬಾಟ್ಲು ಇತ್ತು, ಅದನ್ನೇ ತಗೊಂಡೆ. ಸಂಜೆ ಮೊಮ್ಮಗಳು ಬ್ಯಾಂಕಿನ ಸೀರೆಯಲ್ಲೇ ಬಂದು, ಬಾಟ್ಲು ಕಿತ್ತುಕೊಂಡು, ಒಂದೊಂದು ಎಲೆ ತಿರುಗಿಸಿ ತಿರುಗಿಸಿ ಹೊಡೆದಳು. ಸೀರೆ ಮೇಲೆ ಬಿದ್ದ ಕಲೆ ಇನ್ನೂ ಹೋಗಿಲ್ಲ.

ಮೂರನೇ ದಿನ ಬೆಳಿಗ್ಗೆ ಎಲೆ ಹಸಿರಾಗಿತ್ತು. ಪೂರ್ತಿ ಅಲ್ಲ. ಹನಿ ಬಿದ್ದ ಜಾಗದಲ್ಲಿ ಮಾತ್ರ. ಬೆಳ್ಳನೆ ಎಲೆ ಮೇಲೆ ಹಸಿರು ಚುಕ್ಕೆ ಚುಕ್ಕೆ. ಮುಂಚೆ ಕಾಯಿಲೆಯವರ ಹಾಗಿತ್ತು, ಈಗ ಸಿಡುಬು ಎದ್ದವರ ಹಾಗಾಯಿತು.

"ಹನಿ ಎಲ್ಲಿ ಬೀಳತೈತಿ ಅಲ್ಲೇ ಹಸಿರಾಗತೈತ್ರಿ, ಪಕ್ಕಕ್ಕ ಹರಿಯಂಗಿಲ್ಲ" ಅಂದಳು ಹುಡುಗಿ. "ಇನ್ನೆರಡು ಸಲ ಹೊಡದ್ರ ತುಂಬತಿತ್ತು."

ಎರಡು ಸಲ ಹೊಡೆಯೋಕೆ ದಿನ ಎಲ್ಲಿದೆ. ಹನ್ನೊಂದು ಗಂಟೆಗೆ ಬೀಗಿತ್ತಿ ಟ್ಯಾಕ್ಸಿಯಲ್ಲಿ ಬಂದು ಇಳಿದಳು, ಒಬ್ಬಳೇ. ಅದೇ ನನಗೆ ಆಶ್ಚರ್ಯ. ತಪ್ಪು ಹುಡುಕೋಕೆ ಬರುವವರು ಸಾಕ್ಷಿಗೆ ಒಬ್ಬರನ್ನು ಕರೆದುಕೊಂಡು ಬರುತ್ತಾರೆ. ಮೊಮ್ಮಗಳು ಅವತ್ತು ರಜ ಹಾಕಿದ್ದಳು. ಮಹಡಿ ಬಾಗಿಲಿಗೆ ಒರಗಿ ನಿಂತಳು, ಕೈಗೆ ಮೆಹಂದಿ ಇತ್ತು, ಅದಕ್ಕೆ ಏನನ್ನೂ ಹಿಡಿದುಕೊಳ್ಳೋ ಹಾಗಿರಲಿಲ್ಲ.

ಬೀಗಿತ್ತಿ ಕನ್ನಡಕ ಏರಿಸಿಕೊಂಡು ಬಗ್ಗಿದಳು. ನೋಡಿದಳು ನೋಡಿದಳು, ನನ್ನ ಸೊಂಟ ನೋಯುವಷ್ಟು ಹೊತ್ತು ಅವಳು ಬಗ್ಗಿಕೊಂಡಿದ್ದಳು.

"ಇದೇನು ಎಲೆ ಮೇಲೆ ಚುಕ್ಕೆ?"

"ಹೈಬ್ರಿಡ್ಡು ಅಮ್ಮಾ" ಅಂದಳು ನನ್ನ ಸೊಸೆ. "ಈಗ ಹೊಸದಾಗಿ ಬಂದಿದೆ."

ಬೀಗಿತ್ತಿ ಒಂದು ರಾಗಿ ಎಲೆ ಕಿತ್ತು ಬಿಸಿಲಿಗೆ ಹಿಡಿದಳು. ನನ್ನ ಅತ್ತೆ ಹಿಡಿಯುತ್ತಿದ್ದ ಹಾಗೇ ಹಿಡಿದಳು, ತೋರುಬೆರಳು ಹೆಬ್ಬೆರಳಿನ ಮಧ್ಯೆ, ತಲೆಕೆಳಗು ಮಾಡಿ. ಇವಳ ಹತ್ತಿರ ಹೈಬ್ರಿಡ್ಡು ನಡೆಯೋದಿಲ್ಲ ಅಂತ ಆಗಲೇ ಗೊತ್ತಾಯಿತು. ಸುಳ್ಳು ಹೇಳಿ ಸಿಕ್ಕಿಬೀಳೋದಕ್ಕಿಂತ ನಿಜ ಹೇಳಿ ಬೈಸಿಕೊಳ್ಳೋದು ಬೇಗ ಮುಗಿಯುತ್ತೆ. ಎಲ್ಲ ಹೇಳಿದೆ. ಹರಕೆ, ಸುಣ್ಣ, ನಿಂಬೆಹಣ್ಣು, ಅನ್ನಭೇದಿ, ಇಸ್ತ್ರಿ ಬಾಟ್ಲು.

"ಮೊಮ್ಮಗಳ ತಪ್ಪೇನಿಲ್ಲ, ನನ್ನದು" ಅಂದೆ. "ಲಗ್ನ ಮುಂದಕ್ಕೆ ಹಾಕೋದಾದ್ರೆ ಹಾಕಿ. ನಾಳೆ ನಾನೇ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳ್ತೀನಿ, ಸುಣ್ಣ ಜಾಸ್ತಿ ಆಯ್ತು ಅಂತ."

ಅವಳು ಸೊಸೆಯನ್ನು ಕಾಫಿ ತರೋಕೆ ಕಳಿಸಿದಳು. ನಮ್ಮ ಮನೆಯಲ್ಲಿ ನನ್ನ ಸೊಸೆಯನ್ನು ಅವಳೇ ಕಳಿಸಿದಳು. ಆಮೇಲೆ ನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಳು.

"ನಿಮ್ಮದು ಹುಟ್ಟೋದಾದರೂ ಹುಟ್ಟಿದೆ" ಅಂದಳು.

ಅವರ ಕಡೆಯೂ ಮೊಳೆ ಹಾಕೋ ಪದ್ಧತಿ ಇದೆ. ಅವರ ಹುತ್ತಕ್ಕೆ ಇವಳು ಐದು ವರ್ಷದ ಕೆಳಗೆ ಸುತ್ತ ಟೈಲ್ಸ್ ಹಾಕಿಸಿ, ಮೇಲೆ ಸಿಮೆಂಟಿನ ಹೆಡೆ ಕಟ್ಟಿಸಿದ್ದಾಳೆ. ಕೆರೆಯೋಣ ಅಂದರೆ ಮಣ್ಣೇ ಇಲ್ಲ. ಅದೇ ವಾರ ಮನೆ ಹಿಂದೆ ಬೋರ್‌ವೆಲ್ ಕೊರೆದಿದ್ದರು. ಬೂದು ಬಣ್ಣದ ಪುಡಿ ಗುಡ್ಡೆ ಬಿದ್ದಿತ್ತು. ಸಾವಿರ ಅಡಿ ಆಳದ್ದು, ಭೂಮಿತಾಯಿ ಹೊಟ್ಟೆಯಿಂದಲೇ ಬಂದದ್ದು, ಇದಕ್ಕಿಂತ ಶುದ್ಧ ಯಾವುದು ಅಂತ ಅದನ್ನೇ ಮಡಕೆಗೆ ತುಂಬಿಸಿದ್ದಾಳೆ. ನೀರು ಹಾಕಿದ ಮಾರನೇ ದಿನ ಅದು ಗಾರೆ ಹಾಗೆ ಗಟ್ಟಿಯಾಗಿದೆ. ಮೇಲೆ ರಾಗಿ ಬಿತ್ತಿದ್ದು ಬಿತ್ತಿದ ಹಾಗೇ ಇದೆಯಂತೆ. ಗುಬ್ಬಿಯಾದರೂ ತಿಂದಿದ್ದರೆ ಗುಬ್ಬಿ ಮೇಲೆ ಹೇಳಬಹುದಿತ್ತು.

"ನಲವತ್ತು ಜನಕ್ಕೆ ನಾನೇ ಮೊಳೆ ಹಾಕಿಕೊಟ್ಟಿದ್ದೀನಿ" ಅಂದಳು. "ನನ್ನ ಮೊಮ್ಮಗನಿಗೆ ಹುಟ್ಟಲಿಲ್ಲ ಅಂದ್ರೆ ನಾಳೆ ಮುಖ ಹೆಂಗೆ ತೋರಿಸಲಿ. ನಿಮ್ಮದೂ ಕೆಟ್ಟಿದ್ರೆ ನಿಮ್ಮ ಮೇಲೆ ಹಾಕಿ ದಿನ ಮುಂದೂಡೋಣ ಅಂತಲೇ ಬಂದೆ. ಇದು ಕೆಟ್ಟೂ ಇಲ್ಲ, ನೆಟ್ಟಗೂ ಇಲ್ಲ."

"ಈಗ ಏನು ಮಾಡ್ತೀರಾ?"

ಅವಳು ಜೋಳದ ಮಡಕೆ ಕಡೆ ನೋಡಿದಳು. ಬೀಗರ ಹತ್ತಿರ ಕೇಳೋದು ಅವಳ ವಂಶದಲ್ಲಿಲ್ಲ. ಕೇಳಲೂ ಇಲ್ಲ. "ಐದು ಮಡಕೆ ನಿಮಗೆ ಜಾಸ್ತಿ ಆಯ್ತು" ಅಂದಳು.

ಅರ್ಧ ಗಂಟೆ ಚೌಕಾಶಿ ನಡೆಯಿತು. ಅವಳಿಗೆ ಜೋಳವೂ ಅವರೆಯೂ ಬೇಕು. ಅವರೆ ಬಿಳಚಿರಲೇ ಇಲ್ಲ, ಚುಕ್ಕೆ ಬಂದವುಗಳಲ್ಲಿ ಜೋಳವೇ ವಾಸಿ. ಗೋಧಿಯೂ ಭತ್ತವೂ ತಗೊಳ್ಳಿ ಅಂತ ನಾನು. ಕೊನೆಗೆ ಜೋಳ, ಗೋಧಿ ಅವಳಿಗೆ, ರಾಗಿ, ಭತ್ತ, ಅವರೆ ನನಗೆ ಅಂತ ಆಯಿತು. ಮೊಮ್ಮಗಳು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಅಜ್ಜಿ, ಹಂಗಾದ್ರೆ ನಾಳೆ ಚಪ್ಪರ ಇದೆಯಾ" ಅಂತ ಕೇಳಿದಳು. ಯಾವ ಅಜ್ಜಿಯನ್ನು ಕೇಳಿದಳೋ, ಇಬ್ಬರೂ ಒಟ್ಟಿಗೆ, "ಇಲ್ದೆ ಏನು" ಅಂದೆವು. ಅವಳು ಮೆಹಂದಿ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಮದುವೆ ಫೋಟೋದಲ್ಲಿ ನೋಡಿದರೆ ಕೆನ್ನೆ ಮೇಲೆ ಕಾಣುತ್ತೆ.

ಬೀಗಿತ್ತಿ ಟ್ಯಾಕ್ಸಿಯಲ್ಲಿ ಎರಡು ಮಡಕೆ ತೊಡೆ ಮೇಲೆ ಇಟ್ಟುಕೊಂಡು ಕೂತಳು. ಇಸ್ತ್ರಿ ಬಾಟ್ಲನ್ನೂ ಕಿಟಕಿಯಿಂದ ಕೊಟ್ಟೆ. "ಸಾಯಂಕಾಲ ಹೊಡೀರಿ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ" ಅಂದೆ. "ನನಗೆ ಹೇಳಿಕೊಡಬೇಡಿ" ಅಂದಳು, ಬಾಟ್ಲು ತಗೊಂಡಳು.

ಮಾರನೇ ದಿನ ಅವರ ಚಪ್ಪರದಲ್ಲಿ ಎರಡು ಮಡಕೆ, ನಮ್ಮ ಚಪ್ಪರದಲ್ಲಿ ಮೂರು. ಅದರ ಮಾರನೇ ದಿನ ಧಾರೆ, ಛತ್ರದಲ್ಲಿ ಐದನ್ನೂ ಒಟ್ಟಿಗೆ ತಂದಿಟ್ಟರು. ಪುರೋಹಿತರು ಅಕ್ಷತೆ ಹಿಡಿದುಕೊಂಡು ಎರಡೂ ಕಡೆಯ ಪೈರು ನೋಡಿದರು. ಮೈಕು ಅವರ ಬಾಯಿ ಹತ್ತಿರವೇ ಇತ್ತು.

"ಎರಡು ಮನೆ ಮೊಳೆಯಲ್ಲೂ ಒಂದೇ ಥರ ಚುಕ್ಕೆ ಬಂದಿದೆ. ಇಂಥ ಹೊಂದಾಣಿಕೆ ನಾನು ನೋಡೇ ಇಲ್ಲ."

ಛತ್ರ ತುಂಬ ಜನ ಕೈ ಮುಗಿದರು. ಮೇಲಿನ ಮನೆಯ ಹುಡುಗಿಗೆ ತಿನ್ನುತ್ತಿದ್ದ ಹೋಳಿಗೆ ಗಂಟಲಿಗೆ ಸಿಕ್ಕಿಕೊಂಡಿತು, ನನ್ನ ಸೊಸೆ ಬೆನ್ನು ತಟ್ಟಿದಳು. ಬೀಗಿತ್ತಿ ನೆಟ್ಟಗೆ ಮುಂದೆ ನೋಡುತ್ತಾ, "ಮಣ್ಣಿನ ಗುಣ" ಅಂದಳು. ನಾನು ಅವಳ ಕಾಲು ತುಳಿದೆ.

ಮದುವೆ ಆದ ಮೇಲೆ ಬಂದ ಪಂಚಮಿಗೆ ಮುಂಚೆ ಸುಣ್ಣದವನು ಬಕೆಟ್ಟು ಹಿಡಿದುಕೊಂಡು ಬಂದ. ಕಟ್ಟೆಗೆ ಬಳಿ, ಹುತ್ತ ಮುಟ್ಟಬೇಡ ಅಂದೆ.

"ಯಾಕಮ್ಮ, ಹರಕೆ ಮುಗೀತಾ?"

"ಮುಗಿದಿಲ್ಲ. ಇನ್ನೊಬ್ಬ ಮೊಮ್ಮಗಳಿದ್ದಾಳೆ" ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಸೊಸೆ ಟೀ ಕೊಟ್ಟಳು, ಕುಡಿದು ಕಟ್ಟೆಗೆ ಮಾತ್ರ ಬಳಿದು ಹೋದ.